ಬೆಳಗಿನ ಐದರಿಂದ ಒಂಬತ್ತೂವರೆಯವರೆಗೆ ಕೂಸು ಯಾರ ಕೈಯಲ್ಲಿ?

ಪ್ರಶ್ನೆ: ನಮ್ಮದು ಅಂಕೋಲಾ ಕಡೆಯ ಒಂದು ಕಡಲೂರು. ಚಿಕ್ಕದು ದೊಡ್ಡದು ಸೇರಿ ಮೂವತ್ತು ದೋಣಿಗಳಿವೆ. ಗಂಡಸರು ಕಡಲಿಗೆ ಹೋದರೆ ಹೆಂಗಸರು ಬೆಳಗಿನ ಐದು ಗಂಟೆಗೇ ಮೀನಿನ ಬುಟ್ಟಿ ಹಿಡಿದು ಪೇಟೆಗೆ ಹೊರಡುತ್ತಾರೆ. ಈ ಸಲ ಬಂಡಿಹಬ್ಬದ ಖರ್ಚು ಕಳೆದು, ಗೋವಾ ಮತ್ತು ಮುಂಬೈಯಲ್ಲಿರುವ ಊರಿನವರು ಕಳಿಸಿದ್ದೂ ಸೇರಿ 5 ಲಕ್ಷ ರೂಪಾಯಿ ಉಳಿದಿದೆ. ಅದನ್ನು ಚಿಕ್ಕ ಮಕ್ಕಳಿಗಾಗಿ ಬಳಸೋಣ ಎಂದು ಸಭೆಯಲ್ಲಿ ಮಾತಾಯಿತು. ಅಂಗನವಾಡಿಗೆ ಬಣ್ಣ ಬಳಿಸಿ, ಟಿವಿ ಮತ್ತು ಜಾರುಬಂಡಿ ಕೊಡಿಸಬೇಕೆಂದು ಕೆಲವರು ಹೇಳುತ್ತಾರೆ. ಇಂಗ್ಲಿಷ್ ಮಾಧ್ಯಮದ ಎಲ್‌ಕೆಜಿ ತೆರೆಯಬೇಕೆಂಬುದು ಯುವಕರ ಮಾತು. ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಏನಾದರೂ ಮಾಡೋಣ ಎನ್ನುತ್ತಾರೆ ಹಿರಿಯರು. ಮೂರು ವರ್ಷದೊಳಗಿನ ಮಕ್ಕಳು ಹನ್ನೆರಡು ಇವೆ. ನಾನು ಸ್ತ್ರೀಶಕ್ತಿ ಸಂಘದವಳು, ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲೂ ಇದ್ದೇನೆ. ಯಾವುದು ಸರಿ?

ಉತ್ತರ: ಮೂರೂ ಬೇಡ. ಇಷ್ಟು ಒರಟಾಗಿ ಹೇಳುವುದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಹೆಂಗಸರು ಐದು ಗಂಟೆಗೆ ಹೊರಡುತ್ತಾರೆ ಎಂದು ನೀವೇ ಬರೆದಿದ್ದೀರಿ. ಅಂಗನವಾಡಿಯ ಬಾಗಿಲು ತೆರೆಯುವುದು ಒಂಬತ್ತೂವರೆಗೆ. ನಡುವಿನ ನಾಲ್ಕೂವರೆ ತಾಸು ಹನ್ನೆರಡು ಕೂಸುಗಳು ಯಾರ ಕೈಯಲ್ಲಿರುತ್ತವೆ? ಅದನ್ನು ನೀವು ಬರೆಯಲಿಲ್ಲ. ಸಭೆಯಲ್ಲಿ ಯಾರೂ ಕೇಳಿರಲಿಕ್ಕೂ ಇಲ್ಲ.

ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಮೇಲ್ವಿಚಾರಕಿಯಾಗಿ ನಾನು ಕಾರವಾರ, ಅಂಕೋಲಾ, ಶಿರಸಿ ಎಲ್ಲ ಕಡೆ ಸುತ್ತಿದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಬಸ್ ತಪ್ಪುವ ಭಯಕ್ಕೆ ಬೇಗ ಹೊರಟು, ಏಳು ಗಂಟೆಗೇ ಒಂದು ಕಡಲೂರಿಗೆ ಮುಟ್ಟಿದೆ. ಅಂಗನವಾಡಿಗೆ ಬೀಗವಿತ್ತು. ಪಕ್ಕದ ಮನೆಯ ಜಗಲಿಯಲ್ಲಿ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ತಮ್ಮನನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ಒಳಗಿನ ಕಂಬಕ್ಕೆ ಹಳೆಯ ಸೀರೆಯ ತುಂಡೊಂದನ್ನು ಕಟ್ಟಿತ್ತು. ಇದೇನೆಂದು ಕೇಳಿದೆ. ನೀರಿಗೆ ಹೋಗುವಾಗ ಅವನ ನಡುವಿಗೆ ಅದನ್ನು ಬಿಗಿಯುತ್ತೇನೆ, ಇಲ್ಲದಿದ್ದರೆ ಬಾವಿಯ ಕಡೆ ಓಡುತ್ತಾನೆ ಎಂದಳು. ಆ ಕೂಸಿನ ಬೆಳಗಿನ ತಿಂಡಿ ಚಹಾದಲ್ಲಿ ಅದ್ದಿದ ಬಿಸ್ಕತ್ತು. ತಾಯಿ ಬರುವುದು ಹನ್ನೆರಡರ ಮೇಲೆ. ಅಂಗನವಾಡಿಯ ದಾಖಲೆಯಲ್ಲಿ ಮಗುವಿನ ಹೆಸರಿತ್ತು, ಪೌಷ್ಟಿಕ ಆಹಾರದ ಪೊಟ್ಟಣ ತಿಂಗಳು ತಿಂಗಳು ಮನೆಗೆ ಹೋಗುತ್ತಿತ್ತು. ಕಾಗದದಲ್ಲಿ ಎಲ್ಲ ಸರಿಯಾಗಿತ್ತು. ಆ ಹುಡುಗಿ ಆ ವರ್ಷ ಎಷ್ಟು ದಿನ ಶಾಲೆಗೆ ಹೋದಳು ಎಂದು ಕನ್ನಡ ಶಾಲೆಯ ಮಾಸ್ತರರನ್ನು ಕೇಳಿದೆ. ಅವರು ಹಾಜರಿ ಪುಸ್ತಕ ತೆಗೆದು ತೋರಿಸಿದರು, ಏನೂ ಹೇಳಲಿಲ್ಲ.

ಅಂಗನವಾಡಿಯ ವ್ಯವಸ್ಥೆಯನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಇಲ್ಲದಿದ್ದರೆ ನಮ್ಮ ಹಳ್ಳಿಗಳ ಮಕ್ಕಳ ಗತಿ ಏನಾಗುತ್ತಿತ್ತೋ. ಆದರೆ ಅದರ ರಚನೆಯೇ ಹೀಗೆ. ಮೂರರಿಂದ ಆರು ವರ್ಷದವರಿಗೆ ಕೇಂದ್ರದಲ್ಲಿ ಬಿಸಿಯೂಟ, ಆಟ, ಪಾಠ. ಆರು ತಿಂಗಳಿಂದ ಮೂರು ವರ್ಷದವರಿಗೆ ಮನೆಗೊಯ್ಯುವ ಆಹಾರ, ತೂಕ, ಚುಚ್ಚುಮದ್ದು. ಚಿಕ್ಕ ಕೂಸನ್ನು ಹಗಲು ಹೊತ್ತು ನೋಡಿಕೊಳ್ಳುವ ಕೆಲಸ ಮೂಲ ಯೋಜನೆಯಲ್ಲಿ ಇರಲೇ ಇಲ್ಲ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಇಡಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿತು. ಬುಟ್ಟಿ ಹೊತ್ತು ಮೀನು ಮಾರುವವಳಿಗೆ ಯಜಮಾನನೇ ಇಲ್ಲ, ಕೇಂದ್ರ ಯಾರು ಇಡಬೇಕು? ಆ ಖಾಲಿ ಜಾಗದಲ್ಲಿ ಊರಿನ ದುಡ್ಡಿಗೆ ಕೆಲಸವಿದೆ. ಹಣವನ್ನು ಹೊತ್ತಿಗೆ ಮತ್ತು ಕೈಗಳಿಗೆ ಹಾಕಿ. ಬೆಳಗಿನ ಐದರಿಂದ ಮಧ್ಯಾಹ್ನ ಹನ್ನೆರಡೂವರೆಯವರೆಗೆ ನಡೆಯುವ, ಇಬ್ಬರು ಹೆಂಗಸರು ಸಂಬಳಕ್ಕೆ ಕೂತು ನೋಡಿಕೊಳ್ಳುವ ಒಂದು ಕೂಸಿನ ಕೋಣೆ. ನನ್ನ ಉತ್ತರ ಇಷ್ಟೇ. ಉಳಿದದ್ದು ಏಕೆ ಮತ್ತು ಹೇಗೆ.

ಬಣ್ಣ ಮತ್ತು ಟಿವಿಯ ವಿಷಯ ಬೇಗ ಮುಗಿಸುತ್ತೇನೆ. ಎರಡು ಮಳೆಗಾಲಕ್ಕೆ ಬಣ್ಣ ಹೋಗುತ್ತದೆ, ಉಪ್ಪುಗಾಳಿಗೆ ಜಾರುಬಂಡಿ ತುಕ್ಕು ಹಿಡಿಯುತ್ತದೆ. ಮೂರು ವರ್ಷದೊಳಗಿನ ಕೂಸಿಗೆ ಟಿವಿ ಏನೂ ಕಲಿಸುವುದಿಲ್ಲ. ಒಂದೂರಿನಲ್ಲಿ ದಾನಿಗಳ ಹೆಸರು ಕೆತ್ತಿದ ಅಮೃತಶಿಲೆಯ ಫಲಕದೊಂದಿಗೆ ಶಿಶುವಿಹಾರ ಕಟ್ಟಿದರು. ಉದ್ಘಾಟನೆಗೆ ಪೆಂಡಾಲು, ಸಂಜೆ ಯಕ್ಷಗಾನ, ಎಲ್ಲ ಆಯಿತು. ನೋಡಿಕೊಳ್ಳುವವರಿಗೆ ಕೂಲಿ ಎಲ್ಲಿಂದ ಎಂದು ಯಾರೂ ಯೋಚಿಸಿರಲಿಲ್ಲ. ಎರಡು ವರ್ಷದ ಮೇಲೆ ನಾನು ಹೋದಾಗ ಒಳಗೆ ಬಲೆ, ಹಗ್ಗ, ಐಸಿನ ಪೆಟ್ಟಿಗೆ. ಫಲಕ ಮಾತ್ರ ಹೊಳೆಯುತ್ತಿತ್ತು.

ಎಲ್‌ಕೆಜಿಯ ಆಸೆ ನನಗೆ ಅರ್ಥವಾಗುತ್ತದೆ, ನಗುವುದಿಲ್ಲ. ಗೋವಾದಲ್ಲಿ ದುಡಿದು ಬಂದ ಹುಡುಗನಿಗೆ ಇಂಗ್ಲಿಷಿನ ಬೆಲೆ ಗೊತ್ತಿದೆ. ಆದರೆ ಅದರಿಂದ ಮೊದಲು ಆಗುವುದೇನೆಂದರೆ, ಶುಲ್ಕ ಕೊಡಬಲ್ಲ ಮನೆಗಳ ಮಕ್ಕಳು ಅಂಗನವಾಡಿ ಬಿಡುತ್ತಾರೆ. ಉಳಿದವರು ತೀರ ಬಡವರು. ಸಂಖ್ಯೆ ಇಳಿದರೆ ಕೇಂದ್ರಕ್ಕೇ ಕುತ್ತು. ಹಾಲು, ಮೊಟ್ಟೆ, ಬಿಸಿಯೂಟ, ತೂಕದ ತಕ್ಕಡಿ ಎಲ್ಲದಕ್ಕೂ ಸರ್ಕಾರದ ಹಣ ಬರುತ್ತಿರುವಾಗ ಅದನ್ನು ಒದ್ದು ನಿಮ್ಮ ಕೈಯಿಂದ ಖರ್ಚು ಮಾಡುವುದು ಯಾವ ಲೆಕ್ಕ? ಇನ್ನೊಂದು ಮಾತು: ನಿಮ್ಮೂರಿನ ಕೂಸು ಮನೆಯಲ್ಲಿ ಕೇಳುವುದು ಕೊಂಕಣಿಯೋ, ನಿಮ್ಮ ಸಮುದಾಯದ ಕನ್ನಡವೋ. ಅಂಗನವಾಡಿಯ ಪುಸ್ತಕದ ಕನ್ನಡವೇ ಅದಕ್ಕೆ ಅರ್ಧ ಹೊಸದು. ಅದರ ಮೇಲೆ ಮೂರನೆಯ ಭಾಷೆಯಲ್ಲಿ ಎ ಬಿ ಸಿ ತಿದ್ದಿಸಿದರೆ ಅದು ಬಾಯಿ ಮುಚ್ಚಿ ಕೂರುವುದನ್ನು ಕಲಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ವಯಸ್ಸಿಗೆ ಮನೆಮಾತನ್ನೇ ಹೇಳುತ್ತದೆ.

ಬಡ್ಡಿಯ ಲೆಕ್ಕ ಹಿರಿಯರ ಮುಂದೆಯೇ ಮಾಡಿ. 5 ಲಕ್ಷಕ್ಕೆ ಶೇಕಡಾ 7 ಎಂದರೆ ವರ್ಷಕ್ಕೆ 35,000. ತಿಂಗಳಿಗೆ ಮೂರು ಸಾವಿರವೂ ಆಗಲಿಲ್ಲ. ಹತ್ತು ವರ್ಷ ಕಳೆದ ಮೇಲೂ ದುಡ್ಡು ಹಾಗೇ ಇರುತ್ತದೆ, ಮಕ್ಕಳು ಮಾತ್ರ ದೊಡ್ಡವರಾಗಿರುತ್ತಾರೆ.

ಈಗ ‘ಹೂಡಿಕೆ’ ಎಂಬ ಪದ. ಸಭೆಯಲ್ಲಿ ಯಾರಾದರೂ ಮೊಬೈಲ್ ತೆಗೆದು, ಚಿಕ್ಕ ಮಕ್ಕಳ ಮೇಲೆ ಹಾಕಿದ ಒಂದು ರೂಪಾಯಿ ಇಷ್ಟು ಪಟ್ಟು ಮರಳುತ್ತದೆ ಎಂದು ಓದಿಯೇ ಓದುತ್ತಾರೆ. ಆ ಮಾತಿನ ಬೇರು ಅಮೆರಿಕದ ಮಿಶಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಪಟ್ಟಣದಲ್ಲಿದೆ. ಅಲ್ಲಿನ ಪೆರಿ ಶಾಲೆಯಲ್ಲಿ 1962ರಿಂದ 1967ರವರೆಗೆ ಬಡ ಮನೆಗಳ 123 ಮಕ್ಕಳ ಮೇಲೆ ಅಧ್ಯಯನ ನಡೆಯಿತು. 58 ಮಕ್ಕಳು ಶಿಶುವಿಹಾರಕ್ಕೆ ಹೋದರು, ಉಳಿದವರು ಹೋಗಲಿಲ್ಲ. ನಲವತ್ತು ವರ್ಷ ದಾಟುವವರೆಗೂ ಅವರನ್ನು ಹಿಂಬಾಲಿಸಿ ಓದು, ಸಂಪಾದನೆ, ಜೈಲುವಾಸ ಎಲ್ಲ ಲೆಕ್ಕ ಹಾಕಿದರು. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ ಮತ್ತು ಸಂಗಡಿಗರು ವರ್ಷಕ್ಕೆ ಶೇಕಡಾ 7ರಿಂದ 10ರಷ್ಟು ಪ್ರತಿಫಲ ಎಂದದ್ದು ಈ ಮಕ್ಕಳ ಲೆಕ್ಕದಿಂದ. ಶೇಕಡಾವಾರನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿ ಸುಮಾರು ಆರು ಮಕ್ಕಳಿಗೆ ಒಬ್ಬ ತರಬೇತಾದ ಶಿಕ್ಷಕಿ ಇದ್ದಳು, ವಾರಕ್ಕೊಮ್ಮೆ ಆಕೆ ಮನೆಗೂ ಹೋಗುತ್ತಿದ್ದಳು ಎಂಬುದನ್ನು ಯಾರೂ ಹೇಳುವುದಿಲ್ಲ. ಕಟ್ಟಡದ ಬಣ್ಣದಿಂದ ಬಂದ ಪ್ರತಿಫಲವಲ್ಲ ಅದು.

ನಮಗೆ ಹೆಚ್ಚು ಹತ್ತಿರದ ಉದಾಹರಣೆ ಜಮೈಕಾದ್ದು. ಅಲ್ಲಿನ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1986–87ರಲ್ಲಿ, ಬೆಳವಣಿಗೆ ಕುಂಠಿತವಾದ 129 ಕೂಸುಗಳನ್ನು ಆರಿಸಿಕೊಂಡರು. ಕೆಲವಕ್ಕೆ ಪೌಷ್ಟಿಕ ಆಹಾರ ಮಾತ್ರ. ಕೆಲವಕ್ಕೆ ವಾರಕ್ಕೊಂದು ತಾಸು ಮನೆಗೆ ಬಂದು, ತಾಯಿಗೆ ಕೂಸಿನೊಡನೆ ಆಡುವುದನ್ನೂ ಮಾತಾಡುವುದನ್ನೂ ತೋರಿಸಿಕೊಡುವ ಆರೋಗ್ಯ ಕಾರ್ಯಕರ್ತೆ. ಇನ್ನು ಕೆಲವಕ್ಕೆ ಎರಡೂ. ಆಟಿಕೆಗಳು ಮನೆಯ ಹಳೆಯ ಡಬ್ಬಿ, ಬಾಟಲಿಗಳಿಂದ ಮಾಡಿದವು. ಎರಡೇ ವರ್ಷದ ಕೆಲಸ. ಇಪ್ಪತ್ತು ವರ್ಷದ ಮೇಲೆ ನೋಡಿದರೆ, ಆಟ ಮಾತು ಸಿಕ್ಕಿದ್ದ ಮಕ್ಕಳ ಸಂಪಾದನೆ ಸಿಗದವರಿಗಿಂತ ಶೇಕಡಾ 25ರಷ್ಟು ಹೆಚ್ಚಿತ್ತು. ಆಹಾರ ಮಾತ್ರ ಸಿಕ್ಕವರಲ್ಲಿ ಅಂಥ ವ್ಯತ್ಯಾಸ ಉಳಿದಿರಲಿಲ್ಲ. ಊಟ ಬೇಡವೆಂದು ಇದರ ಅರ್ಥವಲ್ಲ. ಪೊಟ್ಟಣ ಮನೆಗೆ ತಲುಪಿದ ಮಾತ್ರಕ್ಕೆ ಕೂಸು ಬೆಳೆಯುವುದಿಲ್ಲ, ತಿನ್ನಿಸುವಾಗ ಅದರ ಮುಖ ನೋಡಿ ಮಾತಾಡುವ ಒಬ್ಬರು ಬೇಕು.

ಆದರೂ ಊರಿನವರ ಮುಂದೆ ಇಪ್ಪತ್ತು ವರ್ಷದ ಲಾಭವನ್ನು ಮಾರಬೇಡಿ ಎಂದು ನನ್ನ ಸಲಹೆ. ಆ ಲಾಭ ಬರುವ ಹೊತ್ತಿಗೆ ಹುಡುಗ ಬೆಂಗಳೂರಿನಲ್ಲಿರುತ್ತಾನೆ, ಊರಿಗೆ ಬರುವುದು ಬಂಡಿಹಬ್ಬಕ್ಕೆ. ಕಣ್ಣಿಗೆ ಕಾಣುವ ಲಾಭ ಮೊದಲ ತಿಂಗಳೇ ಇದೆ. ಕೂಸಿನ ಅಕ್ಕ ಶಾಲೆಗೆ ಹೋಗುತ್ತಾಳೆ. ತಾಯಿ ಮನೆಯ ಚಿಂತೆಯಲ್ಲಿ ಹತ್ತು ಗಂಟೆಗೇ ಉಳಿದ ಬಂಗಡೆಯನ್ನು ಸಿಕ್ಕಿದ ಬೆಲೆಗೆ ಸುರಿದು ಓಡಿ ಬರುವುದು ತಪ್ಪುತ್ತದೆ. ಮತ್ತೆ ನೀರಿನ ಭಯ. ಕಡಲು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಾಲುವೆ, ಕಟ್ಟೆಯಿಲ್ಲದ ಬಾವಿ, ಮಳೆಗಾಲದಲ್ಲಿ ಅಂಗಳದ ಹೊಂಡ. ನಡೆಯಲು ಕಲಿತ ಕೂಸಿಗೆ ಎಲ್ಲವೂ ಅಪಾಯ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ‘ಆಂಚಲ್’ ಎಂಬ ಹೆಸರಿನ ಕೇಂದ್ರಗಳು ಬೆಳಗಿನ ನಾಲ್ಕು ತಾಸು, ಒಂಬತ್ತರಿಂದ ಒಂದರವರೆಗೆ, ಮಕ್ಕಳನ್ನು ನೋಡಿಕೊಳ್ಳುತ್ತವೆ. ತಾಯಂದಿರು ಕೆಲಸದಲ್ಲಿರುವ ಆ ಹೊತ್ತಿನಲ್ಲೇ ಮಕ್ಕಳು ಕೆರೆಗೆ ಬಿದ್ದು ಸಾಯುತ್ತಿದ್ದುದರಿಂದ ಹೊತ್ತನ್ನು ಹಾಗೆ ಆರಿಸಿದರು, ಸಾವು ಬಹಳ ಇಳಿಯಿತು. ನೀರಿನಲ್ಲಿ ಮುಳುಗುವುದನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮುಖ್ಯ ಉಪಾಯಗಳಲ್ಲಿ ಶಿಶುಪಾಲನೆಯೂ ಒಂದು.

ಖರ್ಚಿಗೆ ಬರೋಣ. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು ಎಂಬುದು ಸರ್ಕಾರದ ಕನಿಷ್ಠ ಮಾರ್ಗಸೂಚಿ. ಹತ್ತು ಕೂಸುಗಳನ್ನು ಒಂಟಿಯಾಗಿ ಒಂದು ತಾಸು ನೋಡಿಕೊಂಡವರು ಅದನ್ನು ಬರೆದಿರಲಾರರು. ಆರಕ್ಕೆ ಒಬ್ಬರಿರಲಿ. ನಿಮ್ಮ ಹನ್ನೆರಡಕ್ಕೆ ಇಬ್ಬರು, ತಲಾ 9,000 ಎಂದರೆ 18,000. ಗಂಜಿ, ರಾಗಿ ಮಣ್ಣಿ, ಬಾಳೆಹಣ್ಣು, ಬೇಳೆ, ಮೊಟ್ಟೆಗೆ ಕೂಸಿಗೆ ದಿನಕ್ಕೆ 20 ರೂಪಾಯಿಯಂತೆ ತಿಂಗಳಿಗೆ ಸುಮಾರು 6,000. ಗ್ಯಾಸು, ಸಾಬೂನು, ಬಟ್ಟೆಗೆ 2,000. ಒಟ್ಟು 26,000. ತಾಯಂದಿರು ತಿಂಗಳಿಗೆ 400ರಂತೆ ಕೊಟ್ಟರೆ 4,800. ಮೂವತ್ತು ದೋಣಿಗಳು ಕಡಲಿಗೆ ಹೋದ ದಿನ 20 ರೂಪಾಯಿಯಂತೆ, ತಿಂಗಳಿಗೆ ಇಪ್ಪತ್ತು ದಿನ ಕೊಟ್ಟರೆ 12,000. ಇನ್ನು 9,200 ಕಡಿಮೆ ಬೀಳುತ್ತದೆ, ವರ್ಷಕ್ಕೆ 1,10,400. ಜೂನ್ ಜುಲೈಯ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಎರಡು ತಿಂಗಳು ದೋಣಿಯ ಹಣ ಬರುವುದಿಲ್ಲವೆಂದೇ ಹಿಡಿಯಿರಿ, ಅದು 24,000. ಆಗ ತಾಯಂದಿರಿಂದಲೂ ಕೇಳಬೇಡಿ, ಊಟದ ಖರ್ಚು ಇಳಿಯುವುದರಿಂದ ಅದು ಹೆಚ್ಚುಕಡಿಮೆ ಸರಿಹೋಗುತ್ತದೆ. ಕೂಲಿ ಮಾತ್ರ ನಿಲ್ಲಿಸಬಾರದು. ಅಂದರೆ ವರ್ಷಕ್ಕೆ ನಿಮ್ಮ ಗಂಟಿನಿಂದ 1,34,400 ಬೇಕು. ಶುರುವಿಗೆ 1 ಲಕ್ಷ ತೆಗೆದಿಟ್ಟರೆ ಉಳಿದ 4 ಲಕ್ಷ ಮೂರು ವರ್ಷಕ್ಕೆ ಹೆಚ್ಚುಕಡಿಮೆ ಸಾಕು, 3,200 ರೂಪಾಯಿ ಮಾತ್ರ ಕಡಿಮೆ ಬೀಳುತ್ತದೆ. ಅಷ್ಟನ್ನು ಯಾರಾದರೂ ಕೊಟ್ಟಾರು.

ದೋಣಿಯವರು ದಿನಕ್ಕೆ 20 ರೂಪಾಯಿ ಕೊಡುತ್ತಾರೆಯೇ? ಮೂಗು ಮುರಿಯುತ್ತಾರೆ. ಆಗ ರಂಪಣಿ ಎಂಬ ದೊಡ್ಡ ಎಳೆಬಲೆಯ ಕಾಲವನ್ನು ನೆನಪಿಸಿ. ಎಪ್ಪತ್ತರ ದಶಕದ ಕೊನೆಗೆ ಯಾಂತ್ರಿಕ ದೋಣಿಯ ಪರ್ಸೀನ್ ಬಲೆ ಬಂದು ಹಾಳುಮಾಡುವವರೆಗೆ, ನಮ್ಮ ಕರಾವಳಿಯಲ್ಲಿ ಊರಿಗೆ ಊರೇ ದಂಡೆಯಲ್ಲಿ ನಿಂತು ರಂಪಣಿ ಎಳೆಯುತ್ತಿತ್ತು, ಕೈ ಹಚ್ಚಿದವರಿಗೆಲ್ಲ ಪಾಲು ಸಿಗುತ್ತಿತ್ತು. ಹಿಡಿದ ಮೀನನ್ನು ಪಾಲು ಹಾಕುವುದು ನಿಮಗೆ ಯಾರೂ ಕಲಿಸಬೇಕಿಲ್ಲ. ಕೂಸಿಗೂ ಒಂದು ಪಾಲು ಎನ್ನಿ. ಹಾಗೆಯೇ ದಿನಕರ ದೇಸಾಯಿಯವರನ್ನೂ ನೆನಪಿಸಬಹುದು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಬಡ ರೈತರ ಮಕ್ಕಳಿಗೆ ಈ ಜಿಲ್ಲೆಯಲ್ಲಿ ಪ್ರೌಢಶಾಲೆಗಳನ್ನು ತೆರೆದರಲ್ಲ, ನಿಮ್ಮ ಊರಿನ ಅಜ್ಜಂದಿರಲ್ಲಿ ಕೆಲವರಾದರೂ ಅಲ್ಲಿ ಓದಿದವರಿರಬೇಕು.

ಅದಕ್ಕೂ ಮೊದಲು ಗ್ರಾಮ ಪಂಚಾಯಿತಿಗೆ ಹೋಗಿ ಒಂದು ವಿಷಯ ವಿಚಾರಿಸಿ. 2023–24ರ ರಾಜ್ಯ ಬಜೆಟ್ಟಿನಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಘೋಷಿಸಿದ್ದರು, ಉದ್ಯೋಗ ಖಾತರಿಯ ಕೂಲಿಕಾರ ಮಹಿಳೆಯರ ಕೂಸುಗಳಿಗೆಂದು. ನಿಮ್ಮ ಪಂಚಾಯಿತಿಯಲ್ಲಿ ಒಂದು ನಡೆಯುತ್ತಿದ್ದರೆ ಹೊಸದನ್ನು ಹುಟ್ಟಿಸಬೇಡಿ, ಅದರ ಬಾಗಿಲನ್ನು ಬೆಳಗಿನ ಐದಕ್ಕೆ ತೆರೆಸಲು ನಿಮ್ಮ ದುಡ್ಡು ಬಳಸಿ. ಮೀನುಗಾರ ಮನೆಗಳಲ್ಲಿ ಜಾಬ್ ಕಾರ್ಡ್ ಇದ್ದವರು ನಾನು ಕಂಡಷ್ಟರಲ್ಲಿ ಕಡಿಮೆ. ಹಾಗಾಗಿ ‘ನಿಮ್ಮ ಮಕ್ಕಳಿಗೆ ಬರುವುದಿಲ್ಲ’ ಎಂಬ ಉತ್ತರ ಸಿಕ್ಕರೆ ಅದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಬಾಯಿಮಾತಿಗೆ ಬೆಲೆಯಿಲ್ಲ.

ಜಾಗಕ್ಕೆ ಹೊಸ ಕಟ್ಟಡ ಬೇಡವೇ ಬೇಡ. ಅಂಗನವಾಡಿಯ ಪಕ್ಕದಲ್ಲೋ ಹತ್ತಿರದಲ್ಲೋ ಗಾಳಿ ಬೆಳಕಿರುವ ಒಂದು ಮನೆ ಸಾಕು. ಒಂಬತ್ತೂವರೆಗೆ ಮೂರು ತುಂಬಿದವರನ್ನು ಕೈಹಿಡಿದು ಅಕ್ಕೋರ ಬಳಿಗೆ ಬಿಟ್ಟುಬರಲು ಅನುಕೂಲ. ‘ಅಂಗನವಾಡಿ’ ಎಂಬ ಹೆಸರೇ ಹೀಗೆ ಹುಟ್ಟಿದ್ದು. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಕಡಲೂರಿನಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಬಾಲವಾಡಿ ಶುರುಮಾಡಿದರು. ಬಡ ಕೇರಿಯ ಮಕ್ಕಳು ಬರಲಿಲ್ಲ. ಆಗ ಬಾಲವಾಡಿಯೇ ಅವರ ಅಂಗಳಕ್ಕೆ ಹೋಯಿತು.

ಆ 1 ಲಕ್ಷದಲ್ಲಿ ಮೊದಲು ಬಾಗಿಲಿಗೆ ಸೊಂಟದೆತ್ತರದ ಅಡ್ಡಗೇಟು, ಬಾವಿಗೆ ಬಲೆ (ಬಲೆಗೇನು ಬರ ನಿಮ್ಮಲ್ಲಿ!), ನೀರಿನ ಫಿಲ್ಟರ್, ಚಿಕ್ಕ ಮಕ್ಕಳಿಗೆ ಹೊಂದುವ ಶೌಚಾಲಯ. ಆಮೇಲೆ ಚಾಪೆ, ನಾಲ್ಕು ಬಟ್ಟೆಯ ತೊಟ್ಟಿಲು. ಅಂಗಡಿಯ ಆಟಿಕೆ ಬೇಡ. ತೆಂಗಿನ ಕರಟ, ಮರದ ಸೌಟು, ಬಟ್ಟೆಯ ಚೆಂಡು, ಬಲೆಯ ದೊಡ್ಡ ತೇಲುಬುಂಡೆ ಸಾಕು. ಕಪ್ಪೆಚಿಪ್ಪು ಚೆಂದ ಕಾಣುತ್ತದೆ, ಆದರೆ ಕೂಸಿನ ಬಾಯಿಗೆ ಹಿಡಿಯುವಂಥದ್ದು ಯಾವುದೂ ಒಳಗೆ ಬರಬಾರದು.

ಎಲ್ಲಕ್ಕಿಂತ ಕಷ್ಟದ್ದು ಆ ಇಬ್ಬರ ಆಯ್ಕೆ. ಅಧ್ಯಕ್ಷರ ಸೊಸೆ, ಕಾರ್ಯದರ್ಶಿಯ ನಾದಿನಿ ಎಂದು ಶುರುವಾಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ ಕೇಳಬೇಡಿ. ಒಂದು ವಾರ ಸುಮ್ಮನೆ ಗಮನಿಸಿ, ಅಳುವ ಕೂಸು ಊರಿನಲ್ಲಿ ಯಾರ ಹೆಗಲಿಗೆ ಹೋಗಿ ಸುಮ್ಮನಾಗುತ್ತದೆ ಎಂದು. ನಾನು ಕಂಡ ಒಬ್ಬಾಕೆಗೆ ಓದು ಬರುತ್ತಿರಲಿಲ್ಲ. ಒಂದೂವರೆ ವರ್ಷದ ಕೂಸು ಅವಳ ಮುಂದಿನ ಬುಟ್ಟಿಯತ್ತ ಬೆರಳು ಮಾಡಿ ‘ಬಾ’ ಎಂದಿತು. ಅವಳು ಕೆಲಸ ನಿಲ್ಲಿಸಿ, ‘ಹೌದು, ಬಂಗಡೆ. ಬಂಗಡೆಗೆ ಬಾಲ ಎಲ್ಲಿದೆ?’ ಎಂದಳು. ಕೂಸು ಬಾಲ ಮುಟ್ಟಿತು. ‘ಕಣ್ಣು?’ ಅದನ್ನೂ ಮುಟ್ಟಿತು, ಬೆರಳು ಮೂಸಿ ಮುಖ ಸಿಂಡರಿಸಿತು, ಇಬ್ಬರೂ ನಕ್ಕರು. ಕೂಸು ಕೂಗಿದ್ದಕ್ಕೆ ಹೀಗೆ ಓಗೊಡುವುದರಿಂದಲೇ ಅದರ ಮಿದುಳು ಬೆಳೆಯುತ್ತದೆ ಎಂದು ನಾವು ತರಬೇತಿಯಲ್ಲಿ ಮೂರು ದಿನ ಪಾಠ ಮಾಡುತ್ತೇವೆ. ಅವಳಿಗೆ ಅದು ಬೇಕಿರಲಿಲ್ಲ. ಅವಳ ಜೊತೆಗೆ ಓದು ಬರೆಹ ಬಲ್ಲ ಕಿರಿಯಳೊಬ್ಬಳಿದ್ದರೆ ತಾಯಿ ಕಾರ್ಡಿನಲ್ಲಿ ತೂಕ ಗುರುತಿಸುವುದು, ಜ್ವರ ಬಂದರೆ ಆಶಾಗೆ ಫೋನ್ ಮಾಡುವುದು ನಡೆಯುತ್ತದೆ. ಆಶಾ ಕಾರ್ಯಕರ್ತೆ 3, 6, 9, 12, 15 ತಿಂಗಳಲ್ಲಿ ಹೇಗೂ ಕೂಸಿನ ಮನೆಗೆ ಬರಬೇಕು. ಆ ಭೇಟಿಗಳಲ್ಲಿ ತಾಯಿಯ ಜೊತೆಗೆ ಇವರೂ ಕೂರಲಿ.

ಹಣ ಸ್ತ್ರೀಶಕ್ತಿ ಸಂಘದ ಹೆಸರಿನ ಪ್ರತ್ಯೇಕ ಖಾತೆಯಲ್ಲಿರಲಿ, ಇಬ್ಬರ ಸಹಿ ಬೇಕು, ತಿಂಗಳ ಲೆಕ್ಕ ಮೀನು ಹರಾಜಿನ ಜಾಗದಲ್ಲಿ ಹಲಗೆಯ ಮೇಲೆ ಬರೆಯಿರಿ. ಹನ್ನೆರಡು ಮಕ್ಕಳು ಎಂದಿರಿ. ಆ ಎಣಿಕೆಯಲ್ಲಿ ತರಕಾರಿ ಮಾರಲು ಹೋಗುವ ಹಾಲಕ್ಕಿ ಮನೆಯ ಕೂಸು, ರಸ್ತೆ ಕೆಲಸಕ್ಕೆ ಘಟ್ಟದ ಮೇಲಿನಿಂದ ಬಂದು ಗುಡಾರ ಹಾಕಿಕೊಂಡವರ ಕೂಸು ಇವೆಯೇ? ನನಗೆ ಅನುಮಾನ.

ಶಿರಸಿ, ಸಿದ್ದಾಪುರದ ಓದುಗರು ಇದನ್ನು ಹಾಗೆಯೇ ನಕಲು ಮಾಡಬಾರದು. ಅಲ್ಲಿ ಅಡಿಕೆ ಸುಲಿಯುವ ದಿನಗಳಲ್ಲಿ ಕೂಲಿಗೆ ಬರುವವರಿಗೆ ತೊಂದರೆಯಾಗುವುದು ಸಂಜೆ ಮತ್ತು ರಾತ್ರಿ, ಮನೆಗಳೂ ದೂರ ದೂರ. ಅವರ ಲೆಕ್ಕವೇ ಬೇರೆ, ಇನ್ನೊಮ್ಮೆ ಬರೆಯುತ್ತೇನೆ.

ನೀವು ಮೇ ತಿಂಗಳಲ್ಲಿ ಮನೆ ಹಿಡಿದು, ಜೂನ್‌ನಲ್ಲಿ ದೋಣಿ ಮೇಲೆ ಬಂದ ಕೂಡಲೇ ಶುರುಮಾಡಿ. ಆ ಎರಡು ತಿಂಗಳು ತಾಯಂದಿರಿಗೆ ಓಡಾಟ ಕಡಿಮೆ, ಬಲೆ ಹೆಣೆಯುತ್ತಲೋ ಒಣಮೀನು ಆರಿಸುತ್ತಲೋ ಕೂಸಿನ ಕೋಣೆಯ ಜಗಲಿಯಲ್ಲೇ ಕೂರಬಹುದು. ಮೊದಲ ವಾರ ತಾಯಿ ಒಳಗೆ, ಎರಡನೆಯ ವಾರ ಜಗಲಿಯಲ್ಲಿ, ಮೂರನೆಯ ವಾರ ಒಂದು ತಾಸು ಮನೆಯಲ್ಲಿ. ಹೀಗೆ ಕೂಸು ಹೊಸ ಕೈಗೆ ಹೊಂದಿಕೊಂಡಿದ್ದರೆ, ಆಗಸ್ಟ್ 1ರ ನಂತರ ಐದು ಗಂಟೆಗೆ ಬುಟ್ಟಿ ಎತ್ತುವಾಗ ಅಳು ಕಡಿಮೆ. ಅದಕ್ಕೆ ಮುಂಚೆ ಒಂದು ನೋಟುಬುಕ್ಕು ಹಿಡಿದು ಬೆಳಗಿನ ಆರಕ್ಕೆ ಮನೆ ಮನೆಗೆ ಹೋಗಿ ಬನ್ನಿ. ಬಾಗಿಲು ತೆರೆದವರು ಯಾರು, ಅವರ ವಯಸ್ಸೆಷ್ಟು, ಅವರ ಸೊಂಟದ ಮೇಲಿದ್ದವರು ಯಾರು ಎಂದು ಬರೆದುಕೊಳ್ಳಿ. ಮುಂದಿನ ಸಭೆಯಲ್ಲಿ ನನ್ನ ಈ ಉತ್ತರವನ್ನು ಓದುವುದಕ್ಕಿಂತ ಆ ನೋಟುಬುಕ್ಕನ್ನು ಓದಿ.